‘ಎದ್ದು ಕಾಣು’: ಒಂದು ನುಡಿಯ ಅರ್ಥವಿಚಾರ

ಕನ್ನಡದ ವಿಮರ್ಶಾಗ್ರಂಥಗಳನ್ನೂ ಕವಿಕಾವ್ಯ ಪರಿಚಯಗಳನ್ನೂ ಮುನ್ನುಡಿಗಳನ್ನೂ ಓದುವ ಅಭ್ಯಾಸವುಳ್ಳವರಿಗೆ ‘ಎದ್ದು ಕಾಣುತ್ತದೆ’ ಎಂಬ ಮಾತು ಚಿರಪರಿಚಿತವಾದುದು. ಒಬ್ಬ ಕವಿಯಲ್ಲಿ ಭಕ್ತಿ ಎದ್ದು ಕಾಣುತ್ತದೆ. ಇನ್ನೊಬ್ಬನಲ್ಲಿ ವರ್ಣನಾಚಾತುರ್ಯ ಎದ್ದು ಕಾಣುತ್ತದೆ. ಮತ್ತೊಬ್ಬನಲ್ಲಿ ದೇಸಿಯ ಸೊಗಸು ಎದ್ದು ಕಾಣುತ್ತದೆ. ಎಲ್ಲರಲ್ಲಿಯೂ ಏನಾದರೊಂದು ಎದ್ದು ಕಾಣುವುದರಿಂದ ಕೊನೆಗೆ ಯಾರೊಬ್ಬರೂ ಎದ್ದು ಕಾಣದೆ ಹೋಗುತ್ತಾರೆ. ಇಷ್ಟೊಂದು ಬಳಕೆಗೆ ಸಿಕ್ಕಿ ಸವೆದ ಮಾತನ್ನು ಒಮ್ಮೆ ಕೈಗೆತ್ತಿಕೊಂಡು ಅದರ ಮೂಲವೇನು, ಅದರಲ್ಲಿ ಅಡಗಿರುವ ಅರ್ಥವೇನು ಎಂದು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಈ ವಿಚಾರಕ್ಕೆ ಪ್ರೇರಣೆಯಾದ ಪ್ರಸಂಗವನ್ನು ಮೊದಲೇ ಹೇಳಿಬಿಡುವುದು ಒಳಿತು. ಉಡುಪಿಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ತರುಣರೊಬ್ಬರು ಮುದ್ದಣನನ್ನು ಕುರಿತು ತಾವು ಬರೆದ ಪ್ರಬಂಧವನ್ನು ತಂದು ತೋರಿಸಿದರು. ಶ್ರದ್ಧೆಯಿಂದ ಬರೆದ ಪ್ರಬಂಧ. ಆದರೆ ಇಪ್ಪತ್ತು ಪುಟಗಳೊಳಗೆ ‘ಎದ್ದು ಕಾಣುತ್ತದೆ’ ಎಂಬುದು ಹನ್ನೊಂದು ಬಾರಿ ಬಂದಿದ್ದಿತು. ಈ ಮಾತಿನ ಅರ್ಥವೇನೆಂದು ಕೇಳಿದಾಗ ಅವರು, ‘ಸ್ಪಷ್ಟವಾಗಿ ಕಾಣುವುದು, ಇಂಗ್ಲಿಷಿನ ಕಾನ್‌ಸ್ಪಿಕ್ಯುಅಸ್ ಎಂಬ ಪದಕ್ಕೆ ಸಮಾನವಾದುದು’ ಎಂದರು. ಸ್ವಲ್ಪ ತಡೆದು, ‘ಇದು ಇಂಗ್ಲಿಷಿನ ಸ್ಟ್ಯಾಂಡ್ ಔಟ್ ಎಂಬ ನುಡಿಗಟ್ಟಿನ ಭಾಷಾಂತರವೆಂದೂ ಶಿಷ್ಟ ಬರವಣಿಗೆಯಲ್ಲಿ ಇದಕ್ಕೆ ಬದಲಾಗಿ ಸುಸ್ಪಷ್ಟ ಎಂದು ಬರೆಯಬೇಕೆಂದೂ ಕೆಲವರು ಹೇಳುತ್ತಾರಲ್ಲವೇ ಸರ್?’ ಎಂದು ತಾವೇ ಕೇಳಿದರು. ಆ ಎರಡು ಮಾತುಗಳಲ್ಲಿ ಎರಡು ತಪ್ಪುಗಳಿವೆ ಎಂದು ನನಗೆ ತೋರಿತು. ಅವನ್ನು ಬಿಡಿಸಿ ಹೇಳುವ ಯತ್ನವೇ ಪ್ರಕೃತ ಲೇಖನ.

ಮೊದಲು ಪರಭಾಷೆಯ ಪದವನ್ನೇ ನೋಡೋಣ. ಇಂಗ್ಲಿಷಿನ ಆ ಪದ ಲ್ಯಾಟಿನ್ನಿನ ‘ಕಾನ್‌ಸ್ಪಿಕ್ಯುಯುಸ್’ ಎಂಬುದರಿಂದ ಬಂದುದು. ಅದರೊಳಗಿರುವ ಧಾತು ‘ಸ್ಪೆಕೆರೆ’, ಎಂದರೆ ನೋಡು. ಕುತೂಹಲದ ಸಂಗತಿಯೆಂದರೆ ಇದೇ ಧಾತುವಿನ ಸೋದರ ರೂಪ ಸಂಸ್ಕೃತದಲ್ಲಿಯೂ ಇದೆ. ‘ಸ್ಪಶ್’ ಎಂದರೆ ನೋಡು. ಅರಸನ ಗೂಢಚಾರನಿಗೆ ‘ಸ್ಪಶ’ ಎಂಬ ಹೆಸರು ಬಂದುದು ಅದರಿಂದ. ‘ಸ್ಪಷ್ಟ’ ಎಂಬ ರೂಪ ಸಿದ್ಧಿಸಿದುದೂ ಅದರಿಂದಲೇ. ಹೀಗಾಗಿ ನಮ್ಮ ತರುಣರು ‘ಸ್ಪಷ್ಟ’ ಎಂದು ಅರ್ಥ ಹೇಳಿದುದು ಇಂಗ್ಲಿಷ್ ಪದಕ್ಕೆ ಮಟ್ಟಿಗೆ ಬಹು ಸಮರ್ಪಕವಾದ ಉತ್ತರವೇ. ಎರಡೂ ಒಂದೇ ತಾಯಿಯ ಮಕ್ಕಳು. ಎರಡರಲ್ಲಿಯೂ ಪ್ರಧಾನವಾದುದು ನೋಡುವವನ ಕಣ್ಣು. ವಸ್ತು ಸುಮ್ಮನಿರುತ್ತದೆ; ಕಣ್ಣು ಅದನ್ನು ಹಿಡಿಯುತ್ತದೆ. ಸಂಸ್ಕೃತದ ‘ಗೋಚರ’ವೂ ಇದೇ ಬಗೆಯದು. ಗೋವುಗಳು ಸಂಚರಿಸುವ ಎಡೆ, ಎಂದರೆ ಹುಲ್ಲುಗಾವಲು, ಅದರ ಮೊದಲ ಅರ್ಥ. ಇಂದ್ರಿಯಗಳು ಹೋಗಿ ಮೇಯುವ ಬಯಲೆಲ್ಲ ಅನಂತರ ಗೋಚರವಾಯಿತು. ಇಲ್ಲಿಯೂ ಸಂಚರಿಸುವುದು ದೃಷ್ಟಿಯೇ ಹೊರತು ವಸ್ತುವಲ್ಲ.

ಕನ್ನಡದ ನುಡಿಯಾದರೋ ಬೇರೆ ಜಾಡಿನದು. ‘ಏಳು’ ಎಂಬ ಕ್ರಿಯಾಪದದ ಹಳಗನ್ನಡ ರೂಪ ರಳಾಕ್ಷರವುಳ್ಳ ‘ಏೞ್’. ಅದರ ಭೂತ ಕೃದಂತಾವ್ಯಯ ‘ಎೞ್ದು’ ಎಂದಿದ್ದು, ‘ಎರ್ದು’ ಎಂದಾಗಿ, ಕಡೆಗೆ ‘ಎದ್ದು’ ಎಂದು ನಿಂತಿತು. ‘ಬೀೞ್’ ಎಂಬುದರಿಂದ ‘ಬಿೞ್ದು, ಬಿರ್ದು, ಬಿದ್ದು’ ಎಂದಾದುದೂ ಇದೇ ಕ್ರಮದಲ್ಲಿ. ಏಳಿಗೆ, ಎಬ್ಬಿಸು, ಎಚ್ಚರ ಎಂಬ ಮಾತುಗಳೆಲ್ಲ ಈ ‘ಏೞ್’ ಧಾತುವಿನ ಬಳಗದವು. ಇನ್ನು ‘ಕಾಣು’ ಎಂಬುದು ‘ಕಣ್’ ಎಂಬುದರ ಒಡಹುಟ್ಟು. ದ್ರಾವಿಡ ಭಾಷೆಗಳಲ್ಲಿ ವ್ಯಾಪಕವಾಗಿರುವ ಪದ. ಎದ್ದು ಕಾಣು ಎಂದಾಗ ಏಳುವುದೂ ಕಾಣುವುದೂ ಒಂದೇ ಕರ್ತೃವಿನ ಕೆಲಸಗಳು. ವಸ್ತುವೇ ಏಳುತ್ತದೆ, ವಸ್ತುವೇ ಕಾಣುತ್ತದೆ. ನೋಡುವವನು ಎಲ್ಲಿಯೋ ಒಂದು ಕಡೆ ಇದ್ದಾನೆ, ಅಷ್ಟೆ.

ಇದು ಇಂಗ್ಲಿಷಿನ ನುಡಿಗಟ್ಟಿನ ಭಾಷಾಂತರವೆಂಬ ವಾದ ಇಷ್ಟರಿಂದಲೇ ದುರ್ಬಲವಾಗುತ್ತದೆ. ಅಲ್ಲಿರುವುದು ನಿಲ್ಲುವ ಕ್ರಿಯೆ, ಹೊರಗೆ ನಿಲ್ಲುವುದು. ಇಲ್ಲಿರುವುದು ಏಳುವ ಕ್ರಿಯೆ. ಭಾಷಾಂತರವಾಗಿದ್ದರೆ ‘ಹೊರಗೆ ನಿಲ್ಲುತ್ತದೆ’ ಎಂದು ಬರಬೇಕಿತ್ತು. ಅಲ್ಲದೆ ಕನ್ನಡದಲ್ಲಿ ‘ಏಳು’ ಎಂಬುದು ಒಂದು ಸಮತಲದಿಂದ ಉಬ್ಬಿ ಮೇಲೆ ಬರುವುದೆಲ್ಲಕ್ಕೂ ಸಲ್ಲುತ್ತದೆ. ಮೈಮೇಲೆ ಗುಳ್ಳೆ ಏಳುತ್ತದೆ, ಕಡಲಿನಲ್ಲಿ ಅಲೆ ಏಳುತ್ತದೆ, ನೆಲದಿಂದ ಧೂಳು ಏಳುತ್ತದೆ, ಒಲೆಯಿಂದ ಹೊಗೆ ಏಳುತ್ತದೆ. ಇಂಥ ಬಳಕೆಗಳಿರುವ ಭಾಷೆಗೆ ‘ಎದ್ದು ಕಾಣು’ ಎಂದು ಹೇಳಲು ಪರರ ಸಾಲ ಬೇಕಾಗಿರಲಿಲ್ಲ.

ನೆರೆಯ ನುಡಿಯಾದ ತುಳುವಿನಲ್ಲಿ ಏಳುವುದಕ್ಕೆ ‘ಲಕ್ಕು’ ಎಂದೂ ಕಾಣಿಸಿಕೊಳ್ಳುವುದಕ್ಕೆ ‘ತೋಜು’ ಎಂದೂ ಹೇಳುತ್ತಾರೆ. ಈ ‘ತೋಜು’ ನಮ್ಮ ‘ತೋಱು’ ಎಂಬುದರ, ತಮಿಳಿನ ‘ತೋನ್ಱು’ ಎಂಬುದರ ಜ್ಞಾತಿ. ಉಡುಪಿಯಲ್ಲಿ ಕುಳಿತು ಪದವಿಚಾರ ಮಾಡುವವರಿಗೆ ಇಂಥ ಹೋಲಿಕೆಗಳು ಸುಲಭಲಭ್ಯವಾಗಿರುವುದಕ್ಕೆ ಇಲ್ಲಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು 1988 ರಿಂದ 1997 ರ ಅವಧಿಯಲ್ಲಿ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು ಕಾರಣ. ಉಡುಪಿಯಿಂದ ಉತ್ತರಕ್ಕೆ ಕುಂದಾಪುರದ ಕಡೆ ಹೋದರೆ ಮತ್ತೊಂದು ಸ್ವಾರಸ್ಯ. ಅಲ್ಲಿನ ಕನ್ನಡದಲ್ಲಿ ಘಟ್ಟದ ಮೇಲಿನವರು ‘ನೋಡಿ’ ಎನ್ನುವಲ್ಲಿ ‘ಕಾಣಿ’ ಎನ್ನುತ್ತಾರೆ. ಹಳಗನ್ನಡದಿಂದ ಉಳಿದುಬಂದ ಈ ಬಳಕೆಯಲ್ಲಿ ‘ಕಾಣು’ ಸಕರ್ಮಕ: ಕಾಣುವವನು ಮನುಷ್ಯ. ‘ಗುಡ್ಡ ಕಾಣುತ್ತದೆ’ ಎನ್ನುವಾಗ ಅದು ಅಕರ್ಮಕ: ಕಾಣುವುದು ಗುಡ್ಡ. ಒಂದೇ ಕ್ರಿಯಾಪದ ನೋಡುವವನನ್ನೂ ನೋಡಲ್ಪಡುವುದನ್ನೂ ಕರ್ತೃವಾಗಿ ಸ್ವೀಕರಿಸುತ್ತದೆ. ಆದರೆ ಮುಂದೆ ‘ಎದ್ದು’ ಸೇರಿದೊಡನೆ ಈ ಉಭಯತ್ವ ಹೋಗಿಬಿಡುತ್ತದೆ. ‘ನಾನು ಗುಡ್ಡವನ್ನು ಎದ್ದು ಕಂಡೆ’ ಎಂದರೆ ನಾನು ಹಾಸಿಗೆಯಿಂದ ಎದ್ದೆನೆಂದು ಅರ್ಥವಾದೀತು!

ಈಗ ವ್ಯಾಕರಣದ ಒಂದು ಅಂಶವನ್ನು ಓದುಗರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ. ಏಳುವ ಕ್ರಿಯೆಗೆ ಒಂದು ನೆಲೆ ಬೇಕು, ಎಂದರೆ ಪಂಚಮೀ ವಿಭಕ್ತಿಯ ಆಕಾಂಕ್ಷೆಯಿದೆ: ಯಾವುದರಿಂದ ಎದ್ದು? ಅಕರ್ಮಕವಾದ ಕಾಣುವ ಕ್ರಿಯೆಗೆ ಒಬ್ಬ ಪ್ರೇಕ್ಷಕ ಬೇಕು, ಎಂದರೆ ಚತುರ್ಥಿಯ ಆಕಾಂಕ್ಷೆಯಿದೆ: ಯಾರಿಗೆ ಕಾಣುತ್ತದೆ? ‘ಎದ್ದು ಕಾಣುತ್ತದೆ’ ಎಂದು ನಾವು ಬರೆಯುವಾಗ ಈ ಎರಡು ವಿಭಕ್ತಿಗಳನ್ನೂ ನುಂಗಿಬಿಡುತ್ತೇವೆ. ಮೇಲೆ ಹೇಳಿದ ಬೀಳುವ ಕ್ರಿಯೆಯೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ‘ಕಣ್ಣಿಗೆ ಬಿತ್ತು’ ಎನ್ನುವಾಗ ಚತುರ್ಥಿ ನುಡಿಗಟ್ಟಿನಲ್ಲಿಯೇ ಸೇರಿಕೊಂಡಿದೆ. ಯಾರದೋ ಒಂದು ಕಣ್ಣು ಅಲ್ಲಿ ಇದ್ದೇ ಇದೆ, ಬಿದ್ದುದು ಆಕಸ್ಮಿಕವೆಂಬ ವಿನಯವೂ ಇದೆ. ‘ಕಣ್ಣಿಗೆ ಕಟ್ಟಿತು’, ‘ಕಣ್ಣು ಕುಕ್ಕಿತು’, ‘ಕಣ್ಣು ಸೆಳೆಯಿತು’ ಎಂಬವುಗಳಲ್ಲಿಯೂ ಕಣ್ಣನ್ನು ಬಿಟ್ಟಿಲ್ಲ. ‘ಎದ್ದು ಕಾಣು’ ಎಂಬುದರಲ್ಲಿ ಮಾತ್ರ ಕಣ್ಣು ಮಾಯವಾಗಿದೆ. ಆದ್ದರಿಂದಲೇ ವಿಮರ್ಶಕರಿಗೆ ಈ ಮಾತು ಅಷ್ಟು ಪ್ರಿಯವಾಯಿತೆಂದು ನನ್ನ ಊಹೆ. ‘ನನಗೆ ಇದು ಮುಖ್ಯವೆನಿಸಿತು’ ಎಂದು ಬರೆದರೆ ಜವಾಬ್ದಾರಿ ತನ್ನದಾಗುತ್ತದೆ. ‘ಎದ್ದು ಕಾಣುತ್ತದೆ’ ಎಂದರೆ ಅದು ಕೃತಿಯ ಜವಾಬ್ದಾರಿ. ಕಾಣದವನು ಕುರುಡನೆಂಬ ಧ್ವನಿಯೂ ಉಚಿತವಾಗಿ ಬರುತ್ತದೆ.

ಈ ಎರಡು ವಿಭಕ್ತಿಗಳನ್ನು ಮರೆಯದೆ ಕಟ್ಟಿದ ವಸ್ತುವೊಂದು ನಮ್ಮ ಸಮೀಪದಲ್ಲಿಯೇ ಇದೆ. ಉಡುಪಿಯಿಂದ ದಕ್ಷಿಣಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರು ದೂರದ ಕಾಪುವಿನ ಕಡಲತೀರದಲ್ಲಿ, ಬಂಡೆಯ ಮೇಲೆ, 1901 ರಲ್ಲಿ ನಿರ್ಮಿಸಿದ ದೀಪಸ್ತಂಭ. ಎತ್ತರ ಸುಮಾರು 27 ಮೀಟರು. ಅದರ ಮೈಗೆ ಬಳಿದಿರುವ ಕಪ್ಪು ಬಿಳುಪು ಪಟ್ಟೆಗಳು ಅಲಂಕಾರಕ್ಕಾಗಿ ಬಳಿದವಲ್ಲ. ಹಗಲಿನಲ್ಲಿ ದೀಪದಿಂದ ಪ್ರಯೋಜನವಿಲ್ಲ. ಆಗ ಗೋಪುರವೇ ಗುರುತಾಗಬೇಕು. ಬರಿಯ ಬಿಳಿಯಾಗಿದ್ದರೆ ಬೆಳಗಿನ ಮಂಜಿನಲ್ಲಿಯೂ ನೊರೆಯ ಹಿನ್ನೆಲೆಯಲ್ಲಿಯೂ ಅದು ಕರಗಿಹೋಗಬಹುದು. ಬರಿಯ ಕಪ್ಪಾಗಿದ್ದರೆ ತೆಂಗಿನ ತೋಟಗಳ ಸಾಲಿನಲ್ಲಿ ಮರೆಯಾಗಬಹುದು. ಎರಡೂ ಬಣ್ಣಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಅಡಗಿದರೂ ಇನ್ನೊಂದು ಏಳುತ್ತದೆ. ಇಲ್ಲಿ ಪಂಚಮಿ ಯಾವುದೆಂದರೆ ತೆಂಗಿನ ಸಾಲು ಮತ್ತು ಮಂಜು. ಚತುರ್ಥಿ ಯಾವುದೆಂದರೆ ಕಡಲಿನಲ್ಲಿರುವ ನಾವಿಕ. ದಡದಲ್ಲಿ ವಿಹಾರಕ್ಕೆ ಬರುವ ನಾವು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಾವಿಕರ ನಕ್ಷೆಗಳಲ್ಲಿ, ಕಡಲಿನಿಂದ ಸುಲಭವಾಗಿ ಗುರುತಿಸಬಹುದಾದ ಗೋಪುರ, ಕೊಳವೆ, ಗುಡ್ಡಗಳ ಪಕ್ಕದಲ್ಲಿ ಇಂಗ್ಲಿಷಿನ ಆ ಪದವನ್ನೇ ಮೊಟಕುಗೊಳಿಸಿ ‘ಕಾನ್‌ಸ್ಪಿಕ್’ ಎಂದು ಅಚ್ಚು ಹಾಕುವ ರೂಢಿ ಬಹುಕಾಲದಿಂದ ಇದೆ. ಅಲ್ಲಿ ಅದು ಹೊಗಳಿಕೆಯ ಮಾತಲ್ಲ. ‘ಇಲ್ಲಿಂದ ನೋಡುವವನಿಗೆ ಇದು ತಪ್ಪಿಹೋಗದು’ ಎಂಬ ವಾಗ್ದಾನ. ಸುಳ್ಳಾದರೆ ಹಡಗು ಬಂಡೆಗೆ ಬಡಿಯುತ್ತದೆ. ನಮ್ಮ ಮುನ್ನುಡಿಕಾರರಿಗೆ ಆ ಭಯವಿಲ್ಲ.

ಕಾರ್ಕಳದ ಗೊಮ್ಮಟನ ವಿಷಯ ಇಷ್ಟು ಸರಳವಲ್ಲ. ಭೈರರಸ ವಂಶದ ವೀರಪಾಂಡ್ಯನು ಶಾಲಿವಾಹನ ಶಕ 1353 ರಲ್ಲಿ, ಎಂದರೆ 1432 ರ ಫೆಬ್ರವರಿ 13 ರಂದು, ಪ್ರತಿಷ್ಠೆ ಮಾಡಿಸಿದ ಈ ಏಕಶಿಲಾ ಮೂರ್ತಿಯ ಎತ್ತರ ಸುಮಾರು 42 ಅಡಿ. ಬೋಳುಬಂಡೆಯ ಗುಡ್ಡದ ನೆತ್ತಿಯಲ್ಲಿ ನಿಂತಿರುವುದರಿಂದ ದೂರದಿಂದಲೇ ಕಾಣುತ್ತದೆ. ‘ಎದ್ದು ಕಾಣು’ ಎಂಬ ಮಾತಿನ ವಾಚ್ಯಾರ್ಥಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಕರಾವಳಿಯಲ್ಲಿ ಸಿಗಲಾರದು. ಆದರೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಿ ಪ್ರಾಕಾರದೊಳಕ್ಕೆ ಹೋಗಿ ಪಾದದ ಬಳಿ ನಿಂತವರಿಗೆ ಒಂದು ಅನುಭವವಾಗುತ್ತದೆ. ದೂರದಲ್ಲಿ ಪೂರ್ಣವಾಗಿದ್ದ ಆಕೃತಿ ಹತ್ತಿರದಲ್ಲಿ ಬಿಡಿಬಿಡಿಯಾಗುತ್ತದೆ. ಕಾಲ್ಬೆರಳು, ಮೊಣಕಾಲು, ತೋಳಿಗೆ ಹಬ್ಬಿದ ಬಳ್ಳಿ. ಮುಖವನ್ನು ನೋಡಲು ಕುತ್ತಿಗೆ ನೋಯಿಸಿಕೊಳ್ಳಬೇಕು. ನೋಡುವವನ ನೆಲೆ ಬದಲಾದರೆ ಎದ್ದು ಕಾಣುವುದೂ ಬದಲಾಗುತ್ತದೆ.

ಆ ಬಳ್ಳಿಯೂ ವಿಚಾರಾರ್ಹ. ಜೈನ ಪುರಾಣದ ಪ್ರಕಾರ ಬಾಹುಬಲಿ ಅಲುಗದೆ ತಪಸ್ಸಿಗೆ ನಿಂತಾಗ ಕಾಲ ಬುಡದಲ್ಲಿ ಹುತ್ತ ಬೆಳೆಯಿತು, ಮಾಧವೀಲತೆ ಮೈಗೆ ಹಬ್ಬಿತು. ಎಂದರೆ ಕಥೆಯಲ್ಲಿ ಅವನು ಕಾಡಿನೊಳಗೆ ಕಾಡಾಗಿ, ನೋಡುವವರ ಗಮನಕ್ಕೆ ಬಾರದಂತೆ ಕರಗುತ್ತಿದ್ದವನು. ಶಿಲ್ಪಿ ಅವನನ್ನು ಅದೇ ಸ್ಥಿತಿಯಲ್ಲಿ ಕಡೆದು, ಊರಿಗೆಲ್ಲ ಕಾಣುವಂತೆ ಗುಡ್ಡದ ಮೇಲೆ ನಿಲ್ಲಿಸಿದ. ಕಾಣಬೇಕೆಂಬ ಹಂಬಲವನ್ನು ಬಿಟ್ಟವನೇ ಎಲ್ಲರಿಗಿಂತ ಹೆಚ್ಚಾಗಿ ಕಾಣುತ್ತಾನೆ. ಈ ವೈರುಧ್ಯವನ್ನು ‘ಸ್ಪಷ್ಟ’ ಎಂಬ ಪದ ಹೊರಲಾರದು. ‘ಎದ್ದು’ ಎಂಬುದು ಹೊತ್ತೀತು, ಏಕೆಂದರೆ ಏಳಲು ಆ ಹುತ್ತವೂ ಬಳ್ಳಿಯೂ ಬೇಕು. (‘ಗೊಮ್ಮಟ’ ಎಂಬ ಹೆಸರೇ ‘ಮನ್ಮಥ’ ಎಂಬುದರ ಪ್ರಾಕೃತ ರೂಪಾಂತರವೆಂದು ಗೋವಿಂದ ಪೈಗಳು ವಾದಿಸಿದ್ದರು, ಅದು ಚಾವುಂಡರಾಯನ ಹೆಸರೆಂದು ಆ.ನೇ. ಉಪಾಧ್ಯೆಯವರ ಪಕ್ಷ. ಆ ಚರ್ಚೆ ಇಲ್ಲಿ ಬೇಡ.)

ವ್ಯುತ್ಪತ್ತಿಯ ಮಾತು ಬಂದುದರಿಂದ ಒಂದು ಎಚ್ಚರಿಕೆ. ಮೊದಲು ಹೊಳೆಯುವ ವ್ಯುತ್ಪತ್ತಿಯೇ ನಿಜವಾದುದೆಂದು ನಂಬಬಾರದು. ಮಣಿಪಾಲವೆಂಬ ಹೆಸರನ್ನು ಕೇಳಿದೊಡನೆ ಮಣಿ, ಪಾಲ ಎಂಬ ಸಂಸ್ಕೃತ ಪದಗಳು ಥಳಥಳಿಸುತ್ತವೆ. ಆದರೆ ಅಲ್ಲಿ ‘ಮಣ್ಣಪಳ್ಳ’ವೆಂಬ ಕೆರೆ ಇಂದಿಗೂ ಇದೆ, ತುಳುವಿನಲ್ಲಿ ಪಳ್ಳ ಎಂದರೆ ಕೆರೆ, ಊರಿನ ಹೆಸರು ಅದರಿಂದಲೇ ಬಂದುದೆಂಬುದು ಸ್ಥಳೀಯವಾಗಿ ಪ್ರಚಲಿತವಾದ ವಿವರಣೆ. ಮಣ್ಣು ಮಣಿಯಾಯಿತು. ಕಾಲೇಜು ಆಸ್ಪತ್ರೆಗಳ ನಡುವೆ ಮಣಿ ಎದ್ದು ಕಾಣುತ್ತದೆ, ಮಣ್ಣು ಅಡಿಯಲ್ಲಿದೆ.

‘ಎದ್ದು ಕಾಣು’ ಎಂಬುದಕ್ಕೆ ಹಳೆಯ ಕವಿಗಳ ಭಾಷೆಯಲ್ಲಿ ಸಮೀಪದ ಮಾತುಗಳು ಯಾವುವೆಂದು ಕೇಳಿದರೆ ಎಸೆ, ಪೊಳೆ, ಒಪ್ಪು, ಮೆಱೆ ಎಂಬವನ್ನು ಹೇಳಬಹುದು. ‘ಢಾಳಾಗಿ ಕಾಣುತ್ತದೆ’ ಎನ್ನುವಾಗಿನ ಢಾಳವೂ ಮೊದಲು ಕಾಂತಿ, ಹೊಳಪು ಎಂಬ ಅರ್ಥದ್ದೇ. ಈಗ ಅದರಲ್ಲಿ ಸ್ವಲ್ಪ ಅಬ್ಬರದ ಛಾಯೆ ಸೇರಿದೆ. ಇವುಗಳಲ್ಲಿ ‘ಮೆಱೆ’ಯ ಚರಿತ್ರೆ ಮನೋಜ್ಞವಾದುದು. ಹೊಳೆ, ಪ್ರಕಾಶಿಸು, ಎಲ್ಲರಿಗೂ ಕಾಣುವಂತಾಗು ಎಂಬುದು ಅದರ ಅರ್ಥ. ಮೆರುಗು, ಮೆರವಣಿಗೆ ಎಂಬ ಮಾತುಗಳು ಅದರ ಬಳಗ. ಉಡುಪಿಯಲ್ಲಿ ಎರಡು ವರ್ಷಗಳಿಗೊಮ್ಮೆ ಜನವರಿಯಲ್ಲಿ ನಡೆಯುವ ಪರ್ಯಾಯದ ಮೆರವಣಿಗೆಯನ್ನು ನೋಡಿದವರಿಗೆ ಮೆರೆಯುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಹಳಗನ್ನಡದಲ್ಲಿ ವೀರನು ಮೆರೆಯುತ್ತಾನೆ, ಚೆಲುವು ಮೆರೆಯುತ್ತದೆ. ಅದರಲ್ಲಿ ದೋಷದ ಸೋಂಕಿಲ್ಲ. ಇಂದು ಮನೆಯಲ್ಲಿ ಹಿರಿಯರು ‘ತುಂಬ ಮೆರೆಯಬೇಡ’ ಎಂದರೆ ಅದು ಗದರಿಕೆ. ಮೆರೆಯುವವನು ತಾನೇ ತನ್ನ ಪ್ರೇಕ್ಷಕನೂ ಆಗಿರುವುದರಿಂದ ಮಾತು ಕೆಳಗಿಳಿಯಿತೆಂದು ತೋರುತ್ತದೆ. ಇಂಗ್ಲಿಷಿನ ಪದಕ್ಕೂ ಇಂಥದೇ ಒಂದು ಗತಿ ಒದಗಿತು. 1899 ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ವೆಬ್ಲನ್ ಸಿರಿವಂತರು ಪರರಿಗೆ ಕಾಣಲೆಂದೇ ಮಾಡುವ ವೆಚ್ಚಕ್ಕೆ ಆ ವಿಶೇಷಣವನ್ನು ಅಂಟಿಸಿದ ಮೇಲೆ ಅದರಲ್ಲಿಯೂ ಮೆರೆದಾಟದ ವಾಸನೆ ಸೇರಿತು. ‘ಎದ್ದು ಕಾಣು’ ಎಂಬುದು ಮಾತ್ರ ಇದುವರೆಗೆ ಎರಡು ಕಡೆಗೂ ಸಲ್ಲುವ ಮಾತಾಗಿ ಉಳಿದಿದೆ. ಬಿಳಿಯ ಧೋತರದ ಮೇಲಿನ ಕಲೆಯೂ ಎದ್ದು ಕಾಣುತ್ತದೆ. ಗುಣದಂತೆಯೇ ದೋಷವೂ ಎದ್ದು ಕಾಣಬಲ್ಲುದೆಂಬುದನ್ನು ನಮ್ಮ ವಿಮರ್ಶೆ ಮರೆತಿದೆ.

ಅಲಂಕಾರಶಾಸ್ತ್ರಕಾರರು ಇದನ್ನು ಮರೆತಿರಲಿಲ್ಲ. ಮೀಲಿತ, ಸಾಮಾನ್ಯ, ಉನ್ಮೀಲಿತ ಮೊದಲಾದ ಅಲಂಕಾರಗಳೆಲ್ಲ ಹಿನ್ನೆಲೆಯಲ್ಲಿ ವಸ್ತು ಅಡಗುವ, ಅಡಗಿದುದು ಹೇಗೋ ಬೇರೆಯಾಗಿ ತೋರುವ ಚಮತ್ಕಾರಗಳೇ. ಬೆಳುದಿಂಗಳಿನಲ್ಲಿ ಬೆಳ್ಳುಡೆಯುಟ್ಟು ಹೊರಟ ಅಭಿಸಾರಿಕೆಯರು ಯಾರ ಕಣ್ಣಿಗೂ ಬೀಳಲಿಲ್ಲವೆಂಬುದು ಸಾಮಾನ್ಯಾಲಂಕಾರಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ. ಅದೇ ಉಡುಗೆಯಲ್ಲಿ ಅಮಾವಾಸ್ಯೆಯ ರಾತ್ರಿ ಹೊರಟಿದ್ದರೆ ಅವರು ಸಿಕ್ಕಿಬೀಳುತ್ತಿದ್ದರು. ಇನ್ನೂ ಮುಖ್ಯವಾದುದು ಕಾಶ್ಮೀರದ ಮಮ್ಮಟನು ಕಾವ್ಯಪ್ರಕಾಶದಲ್ಲಿ ಗುಣೀಭೂತವ್ಯಂಗ್ಯವನ್ನು ವಿಂಗಡಿಸಿದ ರೀತಿ. ಎರಡನೆಯ ದರ್ಜೆಯ ಕಾವ್ಯಕ್ಕೆ ಅವನು ಹೇಳುವ ಎಂಟು ಪ್ರಭೇದಗಳಲ್ಲಿ ಮೊಟ್ಟಮೊದಲನೆಯದು ‘ಅಗೂಢ’, ಎಂದರೆ ವ್ಯಂಗ್ಯಾರ್ಥವು ಮರೆಯಿಲ್ಲದೆ ಬಯಲಿಗೆ ಬಿದ್ದಿರುವುದು. ‘ಅಸ್ಫುಟ’, ಎಂದರೆ ಸಹೃದಯನಿಗೂ ಸುಲಭವಾಗಿ ದೊರಕದಿರುವುದು, ಅದೇ ಪಟ್ಟಿಯಲ್ಲಿದೆ. ತೀರ ಎದ್ದು ಕಂಡರೂ ಧ್ವನಿ ಕೆಡುತ್ತದೆ, ಏನೂ ಕಾಣದಿದ್ದರೂ ಕೆಡುತ್ತದೆ. ಎದ್ದು ಕಾಣುವುದೇ ಗುಣವೆಂದು ಭಾವಿಸಿರುವ ನಮಗೆ ಸಾವಿರ ವರ್ಷಗಳಷ್ಟು ಹಿಂದಿನ ಈ ವಿವೇಕ ಹೊಸದಾಗಿ ಕೇಳಿಸಬಹುದು.

‘ಗೂಢ’ ಎಂಬುದರ ಧಾತು ‘ಗುಹ್’, ಮರೆಮಾಡು. ಗುಹೆ ಎಂಬುದೂ ಅದರಿಂದಲೇ. ಅಲ್ಲಮನ ಅಂಕಿತದಲ್ಲಿ ಆ ಗುಹೆ ಇದೆಯೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನೆನಪಿಸಬೇಕಾಗಿಲ್ಲ. ಅವನ ಬೆಡಗಿನ ವಚನಗಳನ್ನು ಓದುವಾಗ ಮೊದಲು ಮುಂದೆ ಬಂದು ನಿಲ್ಲುವುದು ವಿಲಕ್ಷಣವಾದ ಚಿತ್ರಗಳು. ಅರ್ಥ ಹಿಂದೆ ಸರಿದಿರುತ್ತದೆ. ‘ಬೆಡಗು’ ಎಂಬ ಮಾತಿನಲ್ಲಿಯೇ ಈ ಎರಡೂ ಕೂಡಿಕೊಂಡಿವೆ: ಚೆಲುವು, ಬಿನ್ನಾಣ ಎಂಬ ಕಣ್ಸೆಳೆಯುವ ಅರ್ಥವೂ ಉಂಟು, ಗುಟ್ಟು, ಒಗಟು ಎಂಬ ಅಡಗಿದ ಅರ್ಥವೂ ಉಂಟು. ಟೀಕಾಕಾರರು ಚಿತ್ರವನ್ನು ಬಿಡಿಸಿ ಪಾರಿಭಾಷಿಕ ಅರ್ಥವನ್ನು ಬರೆದರು. ಇತ್ತೀಚಿನ ಸಾಹಿತ್ಯ ವಿಮರ್ಶಕರು ಅರ್ಥವನ್ನು ಬದಿಗಿಟ್ಟು ಚಿತ್ರವನ್ನೇ ಕೊಂಡಾಡಿದರು. ಎರಡೂ ಪಕ್ಷದವರಿಗೆ ಒಂದೊಂದು ಮಾತ್ರ ಎದ್ದು ಕಂಡಿತು. ಈ ವಿಷಯ ಪ್ರತ್ಯೇಕ ಲೇಖನಕ್ಕೆ ತಕ್ಕುದಾದುದರಿಂದ ಇಲ್ಲಿಗೇ ನಿಲ್ಲಿಸಿ ನಮ್ಮ ತರುಣರ ಮುದ್ದಣನಿಗೆ ಮರಳೋಣ.

ಕಾರ್ಕಳದ ಸೀಮೆಯ ನಂದಳಿಕೆಯಲ್ಲಿ 1870 ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿ, ಅನಂತರ ಕನ್ನಡ ಪಂಡಿತನಾಗಿ ದುಡಿದವನು. ಅವನು ತನ್ನ ಕೃತಿಗಳನ್ನು ತಾನು ಬರೆದುದೆಂದು ಹೇಳಿಕೊಳ್ಳದೆ, ಮುದ್ದಣನೆಂಬ ಹಿಂದಿನ ಕವಿಯ ಕೃತಿಗಳೆಂಬಂತೆ ಮೈಸೂರಿಗೆ ಕಳುಹಿಸಿ ಅಚ್ಚು ಮಾಡಿಸಿದ. ಬದುಕಿರುವಾಗ ಕಾಣಿಸಿಕೊಳ್ಳಲು ಒಲ್ಲದೆ ಹೋದ ಈ ಕವಿ ಕ್ಷಯದಿಂದ ತೀರಿಕೊಂಡುದು 1901 ರ ಫೆಬ್ರವರಿಯಲ್ಲಿ. ಕಾಪುವಿನ ದೀಪಸ್ತಂಭ ಎದ್ದ ವರ್ಷವೂ ಅದೇ. ಹಳಬನಂತೆ ವೇಷ ಹಾಕಿದರೂ ಅವನನ್ನು ಬಯಲಿಗೆಳೆದುದು ಅವನ ಗದ್ಯವೇ. ಶ್ರೀರಾಮಾಶ್ವಮೇಧದ ಕಥಾಭಾಗವನ್ನು ಹಳಗನ್ನಡದ ಕೃತಿಯೆಂದು ನಂಬಿದವರೂ ಅದರ ನಡುನಡುವೆ ಬರುವ ಮುದ್ದಣ ಮನೋರಮೆಯರ ಸಲ್ಲಾಪಗಳಲ್ಲಿ ತಮ್ಮದೇ ಕಾಲದ ಉಸಿರನ್ನು ಕೇಳದಿರಲಾರರು. ಮಳೆಗಾಲದ ಸಂಜೆ ಬೇಸರ ಕಳೆಯಲು ಕಥೆ ಹೇಳೆಂದು ಕಾಡುವ ಹೆಂಡತಿ, ಸಂಸ್ಕೃತದ ಬಿಗುಪನ್ನು ಕೇಳಿ ಮುಖ ತಿರುಗಿಸುವ ಹೆಂಡತಿ, ಕನ್ನಡದ ಯಾವ ಪೂರ್ವಕವಿಯಲ್ಲಿಯೂ ಈ ರೀತಿಯಲ್ಲಿ ಬಂದಿರಲಿಲ್ಲ.

ಆದ್ದರಿಂದ ‘ಮುದ್ದಣನಲ್ಲಿ ಸಲ್ಲಾಪಗಳು ಎದ್ದು ಕಾಣುತ್ತವೆ’ ಎಂಬುದು ನಿಜ. ಆದರೆ ಪಂಚಮಿಯನ್ನು ಮರೆತುದರ ಫಲವಾಗಿ ಏನಾಯಿತೆಂಬುದನ್ನು ನೋಡಿ. ಎದ್ದು ಕಂಡ ಭಾಗವನ್ನು ಕತ್ತರಿಸಿ ತೆಗೆದು ಪಠ್ಯಪುಸ್ತಕಗಳಿಗೆ ಹಾಕಿದೆವು. ಎಲ್ಲಿಂದ ಎದ್ದಿತೋ ಆ ಕಥೆಯನ್ನು ಓದುವವರೇ ಇಲ್ಲವಾದರು. ಪದ್ಮಪುರಾಣದಿಂದ ಬಂದ ಅಶ್ವಮೇಧದ ಕಥನ, ಕುದುರೆಯ ಬೆನ್ನು ಹತ್ತಿ ನಾಡುನಾಡು ಸುತ್ತುವ ಶತ್ರುಘ್ನನ ಸೇನೆ, ಒಂದರ ಮೇಲೊಂದು ಬರುವ ಯುದ್ಧಗಳು, ಆ ಗಂಭೀರವಾದ ನಡೆ ಇವೆಲ್ಲ ಇಲ್ಲದಿದ್ದರೆ ಮನೋರಮೆಯ ಆಕಳಿಕೆಗೆ, ಕೊಂಕಿಗೆ, ಪ್ರಶ್ನೆಗೆ ಕಾರಣವೇ ಇಲ್ಲ. ಯುದ್ಧದ ವರ್ಣನೆ ಓದಿ ದಣಿದ ಓದುಗನಿಗೆ ಅವಳ ಮಾತು ತಂಪಾಗುತ್ತದೆ; ದಣಿಯದೆ ಬಂದವನಿಗೆ ಅದು ಬರಿಯ ಸರಸ. ಆಯ್ದ ಭಾಗಗಳನ್ನೇ ಓದಿ ಬೆಳೆದ ವಿದ್ಯಾರ್ಥಿಗಳು ಮುದ್ದಣನನ್ನು ದಾಂಪತ್ಯದ ವಿನೋದಕಾರನೆಂದಷ್ಟೇ ಬಲ್ಲರು. ಇದು ಸಣ್ಣ ನಷ್ಟವಲ್ಲ. ವಚನಗಳ ಆಯ್ಕೆಗಳಲ್ಲಿಯೂ ಇದೇ ಅನ್ಯಾಯ ನಡೆದಿದೆ. ಹತ್ತಿಪ್ಪತ್ತು ವಚನಗಳು ಎದ್ದು ಕಂಡು ಸಾವಿರಾರು ವಚನಗಳು ನೆಲದಲ್ಲಿಯೇ ಉಳಿದಿವೆ.

ಈ ಅಪಾಯವನ್ನು ಮುದ್ದಣನೇ ಬಲ್ಲವನಾಗಿದ್ದನೆಂದು ಹೇಳಲು ಅವಕಾಶವಿದೆ. ಕನ್ನಡದ ನಡುವೆ ಸಂಸ್ಕೃತವನ್ನು ಹೇಗೆ ಬೆರೆಸಬೇಕೆಂಬ ಮಾತು ಬಂದಾಗ ಅವನು ಕೊಡುವ ಉಪಮೆ ಕರಿಮಣಿಯ ಸರದಲ್ಲಿ ಕೆಂಪು ಹವಳವನ್ನು ಕೋದಂತೆ ಇರಬೇಕೆಂಬುದು. ಎದ್ದು ಕಾಣುವುದರ ಸಂಪೂರ್ಣ ಮೀಮಾಂಸೆ ಈ ಉಪಮೆಯಲ್ಲಿದೆಯೆಂದರೆ ಅತಿಶಯೋಕ್ತಿಯಲ್ಲ. ಹವಳ ಕಣ್ಣಿಗೆ ಬೀಳುವುದು ಮಣಿಗಳು ಕಪ್ಪಾಗಿರುವುದರಿಂದ, ಹವಳಗಳು ವಿರಳವಾಗಿರುವುದರಿಂದ, ಎರಡನ್ನೂ ಒಂದೇ ದಾರ ಹಿಡಿದಿರುವುದರಿಂದ. ಎಲ್ಲವೂ ಹವಳವಾದರೆ ಅದು ಹವಳದ ಸರ, ಯಾವ ಹವಳವೂ ಎದ್ದು ಕಾಣದು. ಸರವನ್ನು ಹರಿದು ಹವಳಗಳನ್ನು ಮಾತ್ರ ಆಯ್ದುಕೊಂಡರೆ ಕೈಯಲ್ಲಿ ಉಳಿಯುವುದು ಕೆಂಪು ಕಾಳುಗಳು. ಇಲ್ಲಿ ಕನ್ನಡಕ್ಕೆ ಕರಿಮಣಿಯ ಸ್ಥಾನವನ್ನು ಕೊಟ್ಟುದು ಅವಮಾನವೆಂದು ವಾದಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ಕರಿಮಣಿ ಮಂಗಳಸೂತ್ರದ ಸರ. ಹವಳ ಇಲ್ಲದಿದ್ದರೂ ಅದಕ್ಕೆ ಬೆಲೆಯುಂಟು.

‘ಎದ್ದು ಕಾಣು’ ಎಂಬುದನ್ನು ಬಿಟ್ಟು ‘ಸುಸ್ಪಷ್ಟ’ ಎಂದು ಬರೆಯಬೇಕೆಂಬ ಸಲಹೆ ಈಗ ಏಕೆ ಒಪ್ಪತಕ್ಕುದಲ್ಲವೆಂದು ಹೇಳಬಹುದು. ಸ್ಪಷ್ಟವಾಗಿ ಕಾಣುವುದಕ್ಕೆ ಹಿನ್ನೆಲೆ ಬೇಕಾಗಿಲ್ಲ. ಒಂದು ಪುಟದ ಎಲ್ಲ ಅಕ್ಷರಗಳೂ ಸ್ಪಷ್ಟವಾಗಿರಬಹುದು. ಎಲ್ಲವೂ ಎದ್ದು ಕಾಣಲಾರವು. ಒಂದು ಮಾತು ತೀರ ಅಸ್ಪಷ್ಟವಾಗಿದ್ದು ಆ ಕಾರಣದಿಂದಲೇ ಎದ್ದು ಕಾಣುವುದೂ ಸಾಧ್ಯ. ಅಲ್ಲಮನ ಓದುಗರಿಗೆ ಇದು ಅನುಭವವೇದ್ಯ. ಎರಡು ಬೇರೆ ಕೆಲಸಗಳಿಗೆ ಎರಡು ಬೇರೆ ಮಾತುಗಳಿರುವಾಗ ಒಂದನ್ನು ಗ್ರಾಮ್ಯವೆಂದು ತಳ್ಳಿದರೆ ಭಾಷೆಗೆ ನಷ್ಟ.

ಇದನ್ನೆಲ್ಲ ಆ ತರುಣರಿಗೆ ಎರಡು ಮೂರು ಸಂಜೆಗಳಲ್ಲಿ ಬಿಡಿಬಿಡಿಯಾಗಿ ಹೇಳಿದ್ದೆ. ಅವರು ವಿಭಕ್ತಿಗಳ ಮಾತನ್ನು ಮೊದಲು ಒಪ್ಪಲಿಲ್ಲ. ‘ಪ್ರತಿ ಸಲವೂ ಎಲ್ಲಿಂದ, ಯಾರಿಗೆ ಎಂದು ಬರೆಯುತ್ತ ಹೋದರೆ ವಾಕ್ಯ ಭಾರವಾಗುತ್ತದೆ ಸರ್’ ಎಂದರು. ಅದೂ ಒಂದು ನ್ಯಾಯವಾದ ಆಕ್ಷೇಪವೇ. ಹದಿನೈದು ದಿನಗಳ ತರುವಾಯ ತಿದ್ದಿದ ಪ್ರತಿಯೊಡನೆ ಬಂದರು. ಒಂದು ಕಡೆ ಹೀಗೆ ಬರೆದಿದ್ದರು: ‘ಯುದ್ಧವರ್ಣನೆಗಳ ಹಳಗನ್ನಡ ಗದ್ಯದ ನಡುವಿನಿಂದ, ಕಥೆ ಎಲ್ಲಿಗೆ ಹೋಗುತ್ತದೆಂದು ಕಾದು ಕುಳಿತ ಓದುಗನಿಗೆ, ಮನೋರಮೆಯ ಮಾತುಗಳು ಎದ್ದು ಕಾಣುತ್ತವೆ.’ ವಾಕ್ಯ ಸ್ವಲ್ಪ ಭಾರವಾಗಿಯೇ ಇತ್ತು. ಉಳಿದ ಹತ್ತು ಕಡೆಗಳಲ್ಲಿ ಅವರು ಆ ಮಾತನ್ನು ಹೊಡೆದುಹಾಕಿದ್ದರು.